ಒಂದು ಬೆರಳಿನಷ್ಟು ಹಿಂದಕ್ಕೆ

ಹೋದ ವಾರದ ಮಳೆಗೆ ನಮ್ಮ ಹಿತ್ತಲ ಬಾಗಿಲು ಉಬ್ಬಿ ಮುಚ್ಚಲಾರದಂತಾಯಿತು. ಬಡಗಿ ಬಂದು ಅಂಚಿಗೆ ಉಜ್ಜುಗೊರಡು ಹಾಕಿದ. ಒದ್ದೆ ಮರದ ಸುರುಳಿಗಳು ಒಂದೊಂದೇ ನೆಲಕ್ಕೆ ಬಿದ್ದವು. ಅವನಿಗೆ ಕಾಫಿ ತಂದ ನನ್ನ ಹೆಂಡತಿ ಜಯ ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು.

"ಅದೇ ವಾಸ್ನೆ ಅಲ್ವಾ?" ಎಂದಳು.

ನಾನು ಹೂಂ ಎಂದೆ. ತೊಂಬತ್ತರ ದಶಕದ ನಡುವೆ ಒಂದು ಮಳೆಗಾಲ ಪೂರ್ತಿ ನಮ್ಮ ಮನೆ ಹೀಗೇ ನಾರುತ್ತಿತ್ತು. ಹಾಸಿಗೆಯ ಮಡಿಕೆಯಲ್ಲಿ ಮರದ ಪುಡಿ, ಅಕ್ಕಿಯಲ್ಲಿ ಮರದ ಪುಡಿ, ನನ್ನ ಅಂಗಿಯ ಜೇಬಿನಲ್ಲಿ ಸದಾ ಮಡಿಸಿದ ಒಂದು ತುಂಡು ಮರಳುಕಾಗದ. ಆ ನಾಲ್ಕು ತಿಂಗಳು ನಾನು ಹೊಟ್ಟೆ ತುಂಬ ಉಂಡ ನೆನಪಿಲ್ಲ.

ಆಗ ನಾನು ಪಾಂಡವಪುರದ ಬಳಿ ನಾಲೆಯ ಗೇಜು ಓದುವ ಕೆಲಸದಲ್ಲಿದ್ದೆ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಮೆಟ್ಟಿಲಿಳಿದು ಹೋಗಿ, ನೀರಿನಲ್ಲಿ ನಿಲ್ಲಿಸಿರುವ ಕಪ್ಪು ಬಿಳುಪಿನ ಅಳತೆಪಟ್ಟಿ ನೋಡಿ, ಎಷ್ಟಿದೆಯೋ ಅಷ್ಟನ್ನು ಪುಸ್ತಕದಲ್ಲಿ ಬರೆಯುವುದು. ನೀರು ಎರಡು ಗೆರೆಗಳ ನಡುವೆ ತೂಗಾಡುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಬೇಕು. ಅಂದಾಜಿಗೆ ಬರೆಯಬಾರದು. ಮಳೆ, ಜ್ವರ, ಹಬ್ಬ ಏನೇ ಇರಲಿ, ನಾನು ಒಂದು ದಿನವೂ ಅಂದಾಜಿಗೆ ಬರೆದವನಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಇಂಥ ಮನುಷ್ಯನೇ ಆ ವರ್ಷ ಎರಡು ಸಲ ತಪ್ಪಿದ ಎಂಬುದಕ್ಕೆ ಹೇಳುತ್ತಿದ್ದೇನೆ.

ನಮಗಿದ್ದವಳು ಒಬ್ಬಳೇ ಮಗಳು, ಶೋಭ. ಐದನೇ ಕ್ಲಾಸು ಮುಗಿಸಿದ್ದಳು. ಸ್ಕೂಲಿನಲ್ಲಿ ದಿನಾ ಪ್ರಾರ್ಥನೆ ಹೇಳಿಕೊಡುವವಳು ಅವಳೇ. ನಮ್ಮ ಕಡೆ ಮಕ್ಕಳಿಗೆ ಒಂದು ಚಟವಿದೆ: ಫ್ಯಾಕ್ಟರಿಗೆ ಕಬ್ಬು ಹೊತ್ತು ಹೋಗುವ ಟ್ರಾಕ್ಟರು ತಿರುವಿನಲ್ಲಿ ನಿಧಾನವಾದಾಗ ಹಿಂದಿನಿಂದ ಓಡಿಹೋಗಿ ಒಂದು ಜಲ್ಲೆ ಎಳೆದುಕೊಳ್ಳುವುದು. ಆ ಬೇಸಿಗೆಯ ಕೊನೆಯಲ್ಲಿ ಶೋಭ ಎಳೆದ ಜಲ್ಲೆ ಹಗ್ಗಕ್ಕೆ ಸಿಕ್ಕಿಕೊಂಡಿತು. ಅವಳು ಬಿಡಲಿಲ್ಲ. ಟ್ರಾಕ್ಟರು ಮುಂದೆ ಹೋಯಿತು, ಇವಳು ಎಡ ಮೊಣಕೈ ಊರಿ ಬಿದ್ದಳು.

ಜಯಳ ತವರು ಹೊಣಕೆರೆ ಹತ್ತಿರದ ಹಳ್ಳಿ. ಅಲ್ಲಿ ಮೂಳೆಗೆ ಕಟ್ಟು ಕಟ್ಟುವ ಒಬ್ಬ ಮುದುಕರಿದ್ದರು. ನನ್ನ ತೋಳನ್ನೂ ಒಮ್ಮೆ ಅವರೇ ಕೂಡಿಸಿದ್ದರು. ನಾಗಮಂಗಲಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಗುವನ್ನು ಕರೆದುಕೊಂಡು ಹೋದೆ. ಸೊಪ್ಪು ಅರೆದು ಮೆತ್ತಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ ಬಿಗಿದರು. "ಬಿಗಿ ಇದ್ರೇನೇ ಮೂಳೆ ಕೂಡೋದು, ಬಿಚ್ಬ್ಯಾಡಿ" ಎಂದರು.

ಮಾರನೆಯ ಬೆಳಿಗ್ಗೆಯೇ ಶೋಭ ಹೇಳಿದಳು, "ಅಪ್ಪಾ, ಬೆರಳೆಲ್ಲಾ ನೋಯ್ತಾವೆ. ಒಸಿ ಸಡ್ಲ ಮಾಡು."

"ಮೂಳೆ ಮುರ್ದ್ರೆ ನೋಯ್ದೆ ಇರ್ತದಾ? ತಡ್ಕೊ ಕಣವ್ವ" ಎಂದೆ.

ಮೂರು ದಿನ ಅವಳು ಹೇಳಿದಳು. ಮೂರು ದಿನ ನಾನು ಅದನ್ನೇ ಹೇಳಿದೆ. ನಾಲ್ಕನೆಯ ದಿನ ಉಗುರುಗಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕತ್ತರಿಯಿಂದ ಕಟ್ಟು ಸೀಳಿ, ಕೈ ನೋಡಿ, ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೈ ಉಳಿಯಿತು, ಮೂಳೆಯೂ ಕೂಡಿತು. ಆದರೆ ರಕ್ತವಿಲ್ಲದೆ ಒಳಗಿನ ಮಾಂಸ ಬಿರುಸಾಗಿ, ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡವು, ಕಾಗೆ ಕಾಲಿನಂತೆ. "ದಿನಾ ಅಭ್ಯಾಸ ಮಾಡಿಸಿ. ದಸರಾ ಕಳೀಲಿ, ನೋಡೋಣ. ಬಿಚ್ಚದಿದ್ರೆ ಕೊಯ್ದು ಬಿಡಿಸ್ಬೇಕು. ಕೊಯ್ದ್ರೂ ಪೂರ್ತಿ ಸರಿ ಹೋಗ್ತದೆ ಅಂತ ನಾನು ಹೇಳೋಕಾಗಲ್ಲ" ಎಂದರು ಡಾಕ್ಟರು.

ಅಭ್ಯಾಸವೆಂದರೆ ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಿಡಿಸುವುದು. ಬಿಡಿಸಿದಾಗ ಅವಳು ಕಿರುಚುತ್ತಿದ್ದಳು. ಕಿರುಚಿದಾಗ ನಾನು ಬಿಡುತ್ತಿದ್ದೆ. ಬಿಟ್ಟರೆ ಅವು ಮತ್ತೆ ಮಡಚಿಕೊಳ್ಳುತ್ತಿದ್ದವು. ಸ್ಕೂಲು ಶುರುವಾದ ಮೇಲೆ ಕೈಯನ್ನು ಲಂಗದ ಮಡಿಕೆಯೊಳಗೆ ಅಡಗಿಸಿಡುವುದನ್ನು ಕಲಿತಳು. ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರಾದರೂ "ಏನಾಯ್ತು ಮಗೀಗೆ?" ಎಂದು ಕೇಳಿದರೆ ನಾನು "ಕಬ್ಬು ಎಳ್ಯೋಕೋಗಿ ಬಿದ್ಲು" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಆದರೆ ನಾನು ಹಾಗೆಂದಾಗಲೆಲ್ಲ ಅವಳು ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗುತ್ತಿದ್ದಳು.

ಆಸ್ಪತ್ರೆಯಲ್ಲಿ ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಮಾಡಿಸಲು ವರ್ಷಕ್ಕೆ ಕೆಲವು ತಿಂಗಳು ಒಬ್ಬ ಪರದೇಶದ ಹೆಂಗಸು ಬರುತ್ತಿದ್ದರು. ಬಿಳಿ ಕೂದಲು, ಖಾದಿ ಜುಬ್ಬ, ಎಲ್ಸಾ ಮೇಡಂ ಎಂದು ಕರೆಯುತ್ತಿದ್ದರು. ಆಷಾಢದ ಒಂದು ದಿನ ಅವರು ಶೋಭಳ ಮುಂದೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟರು. ಒಳಗೆ ಬಗ್ಗಿಸಿದ ತೆಳು ಮರದ ಪಟ್ಟಿಗಳು, ಸೊರೆಕಾಯಿಯನ್ನು ಉದ್ದುದ್ದ ಸೀಳಿದಂಥ ಎರಡು ಹಲಗೆ, ಒಂದು ಕತ್ತು, ನಾಲ್ಕು ಬಿರಡೆ, ಸುರುಳಿ ಸುತ್ತಿದ ನಾಲ್ಕು ನೈಲಾನ್ ತಂತಿ, ಇಂಗ್ಲಿಷಿನ ಒಂದು ಕಾಗದ. ಜೋಡಿಸಿದರೆ ಉಕುಲೆಲೆ ಎಂಬ ಪುಟ್ಟ ಗಿಟಾರು ಆಗುತ್ತದಂತೆ. ಅವರ ಊರಿನಲ್ಲಿ ಇಂಥ ಮಕ್ಕಳ ಕೈಯಲ್ಲಿ ಇದನ್ನೇ ಮಾಡಿಸುತ್ತಾರಂತೆ. ಅವರು ಹೇಳಿದ್ದನ್ನು ಒಬ್ಬ ನರ್ಸಮ್ಮ ನನಗೆ ಕನ್ನಡದಲ್ಲಿ ಹೇಳಿದರು: "ಉಜ್ಜೋದು, ಹಿಡಿಯೋದು, ತಿರುಗಿಸೋದು ಎಲ್ಲಾ ಎಡಗೈಲೇ ಮಾಡ್ಬೇಕು. ಆಮೇಲೆ ಎಡಗೈಲೇ ನುಡಿಸ್ಬೇಕು. ಒಂದೇ ತಂತಿ ಮೇಲೆ ಕೆಳಗಿನ ಸ ಇಂದ ಮೇಲಿನ ಸ ತನಕ ಹತ್ತಿ ಇಳೀಲಿ. ಬೆರಳು ತಾನಾಗೇ ಚಾಚ್ಕೊಳ್ತದೆ. ನೀವು ಎಳೀಬೇಡಿ, ಅವಳೇ ಎಳ್ಕೊಳ್ಲಿ ಅಂತಾರೆ."

ಮನೆಗೆ ತಂದಾಗ ಜಯ ಪೆಟ್ಟಿಗೆ ಮುಚ್ಚಳ ತೆರೆದು ನೋಡಿದಳು. "ಅಯ್ಯೋ, ಒಲೆಗಾಕೋ ಪುಳ್ಳೆ ತಂದವ್ರಲ್ಲಪ್ಪ" ಎಂದಳು. ಬಿದ್ದ ದಿನದಿಂದ ನಗದಿದ್ದ ಶೋಭ ಅಂದು ನಕ್ಕಳು. "ಅವ್ವಾ, ಮುಟ್ಬ್ಯಾಡ ಕಣವ್ವ. ನೀನು ನಿಜ್ವಾಗ್ಲೂ ಹಾಕ್ಬುಡ್ತೀಯ."

ನಾನು ಡಿಕ್ಷನರಿ ಇಟ್ಟುಕೊಂಡು ಕಾಗದದ ಒಂದೊಂದು ಸಾಲನ್ನೂ ಕನ್ನಡಕ್ಕೆ ತಂದು ನೋಟ್‌ಬುಕ್ಕಿನಲ್ಲಿ ಬರೆದೆ. ಶೋಭ ಎಡಗೈಯ ಮಡಚಿದ ಬೆರಳುಗಳ ನಡುವೆ ಮರಳುಕಾಗದ ಸಿಕ್ಕಿಸಿಕೊಂಡು ಉಜ್ಜುತ್ತಿದ್ದಳು. ಮೊದಲ ವಾರ ಐದು ನಿಮಿಷಕ್ಕೆ ಕಾಗದ ಜಾರಿ ಬೀಳುತ್ತಿತ್ತು. ಮೂರನೆಯ ವಾರ ಅರ್ಧ ಗಂಟೆ ನಿಂತಿತು. ನಾನು ಹೊರಗೆ ಜಗಲಿಯಲ್ಲಿ ಕೂತು, ಕಾಗದ ಬೀಳುವ ಸದ್ದಿಗೆ ಕಿವಿ ಕೊಟ್ಟು, ಗಡಿಯಾರ ನೋಡುತ್ತಿದ್ದೆ. ಗೇಜು ಪುಸ್ತಕದಲ್ಲಿ ನೀರಿನ ಮಟ್ಟ ಬರೆದಾದ ಮೇಲೆ ಮನೆಯ ನೋಟ್‌ಬುಕ್ಕಿನಲ್ಲಿ ನಿಮಿಷ ಬರೆಯುತ್ತಿದ್ದೆ. ದಸರೆಗೆ ಎಷ್ಟು ದಿನ ಉಳಿಯಿತು ಎಂದೂ ಬರೆಯುತ್ತಿದ್ದೆ.

ಹೊಟ್ಟೆಯ ಎರಡು ಹಲಗೆಗಳನ್ನು ಅಂಟಿಸಿದ ದಿನ ಒಂದು ಘಟನೆಯಾಯಿತು. ಅಂಟು ಒಣಗುವವರೆಗೆ ಅದುಮಿ ಹಿಡಿಯಬೇಕಲ್ಲ, ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಸುತ್ತತೊಡಗಿದೆ. ಒಂದು ಸುತ್ತು, ಎರಡು ಸುತ್ತು, ಕಾಲಿನಲ್ಲಿ ಮೆಟ್ಟಿ ಎಳೆದು ಮೂರನೇ ಸುತ್ತು. ಶೋಭ ಎದ್ದು ನಿಂತಳು. ಮುಖ ಬಿಳುಚಿಕೊಂಡಿತ್ತು. "ಅಷ್ಟು ಬಿಗಿ ಬ್ಯಾಡ" ಎಂದಳು. "ಬಿಗಿ ಇದ್ರೇನೇ..." ಎಂದವನು ಅಲ್ಲಿಗೇ ನಿಲ್ಲಿಸಿದೆ. ಟ್ಯೂಬು ಬಿಚ್ಚಿ ಸಡಿಲವಾಗಿ ಸುತ್ತಿದೆ. ಅವಳು ಆಗಲೇ ಹೊರಗೆ ಹೋಗಿ ಹುಣಸೆಮರದ ಕೆಳಗೆ ನಿಂತಿದ್ದಳು. ಆ ಮಳೆಯಲ್ಲಿ ಅಂಟು ನಾಲ್ಕು ದಿನವಾದರೂ ಒಣಗಲಿಲ್ಲ. ಜಯ ಅದನ್ನು ಮಗುವಿನಂತೆ ಹಳೇ ಸೀರೆಯಲ್ಲಿ ಸುತ್ತಿ ಅಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟಳು. ತೇವ ಎಳೆದುಕೊಳ್ಳಲೆಂದು.

ಕತ್ತು ಅವಳ ಕೈಗೆ ದಪ್ಪವಾಗಿತ್ತು. ಬೆರಳು ಸುತ್ತಿ ಬರುತ್ತಿರಲಿಲ್ಲ. ಅದನ್ನು ಕೆತ್ತಿ ಸಣ್ಣ ಮಾಡುವುದು ನನ್ನಿಂದಾಗುವ ಕೆಲಸವಲ್ಲ. ಶ್ರೀರಂಗಪಟ್ಟಣದಲ್ಲಿ ಅನ್ವರ್ ಸಾಬ್ರು ಎಂಬ ಬಡಗಿ ಇದ್ದರು. ಬಾಗಿಲು ಮಾಡುವುದರಲ್ಲಿ ಎತ್ತಿದ ಕೈ. ಕೆ.ಆರ್. ಪೇಟೆಯಿಂದಲೂ ಹೊಸ ಮನೆ ಕಟ್ಟುವವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಭಾನುವಾರ ಶೋಭಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಸಾಬ್ರು ಕನ್ನಡಕ ಏರಿಸಿ ಆ ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನ್ ಗೌಡ್ರೆ, ಗಿಟಾರ್‌ದು ಮರೀನಾ? ಇನ್ನೂ ಹಾಲು ಕುಡಿಯೋದು!"

"ನಂದು" ಎಂದಳು ಶೋಭ.

"ಓಹೋ, ಯಜಮಾನ್ತಿ ನೀನಾ? ಹಂಗಾದ್ರೆ ಕೈ ತೋರ್ಸು ಬೇಟಿ. ಅದಲ್ಲ, ಅದು ಕೆಲ್ಸ ಮಾಡೋ ಕೈ. ನುಡಿಸೋ ಕೈ ತೋರ್ಸು."

ಅವಳು ನನ್ನ ಕಡೆ ನೋಡಿದಳು. ಆಮೇಲೆ ಲಂಗದ ಮಡಿಕೆಯಿಂದ ಎಡಗೈ ತೆಗೆದು ಮುಂದೆ ಚಾಚಿದಳು. ಸಾಬ್ರು ಅಯ್ಯೋ ಎನ್ನಲಿಲ್ಲ, ಏನಾಯ್ತು ಎಂದೂ ಕೇಳಲಿಲ್ಲ. ಅಳತೆ ತೆಗೆಯುವ ದರ್ಜಿಯಂತೆ ಆ ಕೈಯೊಳಗೆ ಕತ್ತನ್ನಿಟ್ಟು, ಎಲ್ಲೆಲ್ಲಿ ತಾಕುತ್ತದೆಯೋ ಅಲ್ಲಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮೂರು ಭಾನುವಾರ ಅರದಲ್ಲಿ ಉಜ್ಜಿ ಉಜ್ಜಿ ಕತ್ತನ್ನು ಅವಳ ಕೈಗೆ ಒಗ್ಗಿಸಿದರು. ಕತ್ತಿನ ಮೇಲೆ ಬೆರಳೊತ್ತುವ ಅಡ್ಡಪಟ್ಟಿಗಳಿಗೆ ಮೆಟ್ಟು ಎನ್ನುತ್ತಾರೆ; ಅಂಗಡಿಯ ವಾದ್ಯಗಳಲ್ಲಿ ಅವುಗಳ ಪಕ್ಕಕ್ಕೆ ಸಾಮಾನ್ಯವಾಗಿ ಬಿಳಿ ಚುಕ್ಕೆ ಇಡುತ್ತಾರಂತೆ. ಶೋಭ ಅದು ಬೇಡವೆಂದು ನನ್ನ ಗೇಜಿನಂತೆ ಕಪ್ಪು ಬಿಳುಪು ಮನೆಗಳನ್ನು ಬರೆದು ಪಕ್ಕದಲ್ಲಿ ಅಂಕಿ ಹಾಕಿಕೊಂಡಳು. "ನೀರು ಎಲ್ಲಿಗ್ ಬಂತು ಅಂತ ನೋಡ್ಕೋಬೌದು" ಎಂದಳು. ಮಗು ಮತ್ತೆ ತಮಾಷೆ ಮಾಡುತ್ತಿದ್ದಾಳಲ್ಲ ಎಂದು ಸಂತೋಷವಾಯಿತು. ಆ ಸಂತೋಷವೇ ಹೆದರಿಕೆಯನ್ನೂ ಹುಟ್ಟಿಸಿತು. ಇಷ್ಟೆಲ್ಲ ಆಗಿ ಬೆರಳು ಬಿಚ್ಚದಿದ್ದರೆ?

ಕೊನೆಗೆ ಉಳಿದದ್ದು ಕುದುರೆ. ವೀಣೆಯವರು ಕುದುರೆ ಎನ್ನುತ್ತಾರಲ್ಲ, ತಂತಿಗಳು ಹೊಟ್ಟೆಯ ಮೇಲೆ ಹತ್ತಿ ಕೂರುವ ಆ ಮರದ ತುಂಡು. ಅದನ್ನು ಎಲ್ಲಿ ಅಂಟಿಸಬೇಕೆಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿತ್ತು. ತಂತಿ ಶುರುವಾಗುವ ತಲೆಯಿಂದ ಮೇಲಿನ ಸ ಕೂರುವ ಹನ್ನೆರಡನೇ ಮೆಟ್ಟಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಅಷ್ಟೇ ದೂರ. ಅದನ್ನು ನಾನೇ ಕನ್ನಡಕ್ಕೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಸಾಬ್ರು ಜಾಗ ಗುರುತಿಸಿ, ಅಂಟು ಹಚ್ಚುವ ಮುಂಚೆ ಕೇಳಿದರು. "ಗೌಡ್ರೆ, ಆಯ ನೋಡ್ಬೇಕಾ?"

ನಮ್ಮ ಕಡೆ ಬಾಗಿಲಿರಲಿ, ಕೊಟ್ಟಿಗೆಯಿರಲಿ, ಆಯ ನೋಡದೆ ಕೂರಿಸುವುದಿಲ್ಲ. ಯಜಮಾನನ ಬೆರಳಿನ ಅಗಲದಿಂದ ಉದ್ದ ಅಳೆದು, ಬಂದ ಲೆಕ್ಕವನ್ನು ಎಂಟರಿಂದ ಭಾಗಿಸುತ್ತಾರೆ. ಒಂದು ಉಳಿದರೆ ಧ್ವಜಾಯ, ಒಳ್ಳೆಯದು. ಏನೂ ಉಳಿಯದಿದ್ದರೆ ಕಾಕಾಯ, ಕಾಗೆಯ ಲೆಕ್ಕ, ಮನೆಗೆ ಕೇಡು. ಸಾಬ್ರ ಮನೆಯವರು ಆಯ ನೋಡುವುದಿಲ್ಲ. ಆದರೆ ನಮ್ಮವರ ಬಾಗಿಲು ಮಾಡಿ ಮಾಡಿ ಆ ಲೆಕ್ಕ ಅವರಿಗೆ ಪುರೋಹಿತರಿಗಿಂತ ಚೆನ್ನಾಗಿ ಬರುತ್ತಿತ್ತು.

"ನೋಡಿ ಸಾಬ್ರೆ" ಎಂದೆ.

ಶೋಭಳ ಎಡಗೈಯ ನಡುಬೆರಳಿನ ಅಗಲಕ್ಕೆ ಒಂದು ಕಡ್ಡಿ ಮುರಿದು, ತಲೆಯಿಂದ ಕುದುರೆಯ ಗುರುತಿನವರೆಗೆ ಇಟ್ಟು ಇಟ್ಟು ಎಣಿಸಿದರು. ಮೂವತ್ತೆರಡು. ಎಂಟು ನಾಲ್ಕಲಿ ಮೂವತ್ತೆರಡು, ಉಳಿದದ್ದು ಸೊನ್ನೆ.

"ಕಾಗೆ ಬಂತು" ಎಂದರು ಸಾಬ್ರು.

ಕಾಗೆ ಕಾಲಿನಂಥ ಆ ಕೈಗೆ ಕಾಗೆಯ ಲೆಕ್ಕವೇ? "ಮೂವತ್ಮೂರಾದ್ರೆ?"

"ಮೂವತ್ಮೂರಾದ್ರೆ ಧ್ವಜ. ಆದ್ರೆ ಒಂದು ಬೆರಳು ಹಿಂದಕ್ಕೋಗ್ತದೆ. ನಿಮ್ ಕಾಗದ್ದಾಗೆ ಬೇರೆ ಹೇಳೈತೆ ಅಂದ್ರಲ್ಲ?"

ನೋಟ್‌ಬುಕ್ಕು ನನ್ನ ಕೈಯಲ್ಲೇ ಇತ್ತು. ಎರಡು ಗೆರೆ ಎಳೆದ ಪುಟವೇ ತೆರೆದಿತ್ತು. ನಾಲೆಯಲ್ಲಿ ಒಂದು ಗೆರೆಯ ನೀರಿಗೂ ಹೆಚ್ಚುಕಮ್ಮಿ ಬರೆಯದ ನಾನು ಹೇಳಿದೆ, "ಒಂದು ಬೆರಳು ತಾನೆ, ಹಿಂದಕ್ಕೆ ಮಡಗ್ಬುಡಿ."

ಗೌರಿಹಬ್ಬಕ್ಕೆ ಹತ್ತು ದಿನ ಮುಂಚೆ ತಂತಿ ಕಟ್ಟಿ ಆಯಿತು. ಬಿಗಿಯುವಾಗ ಒಂದು ತಂತಿ ಪಟ್ಟೆಂದು ಹರಿಯಿತು. ಹೊಳೆ ದಂಡೆಯಲ್ಲಿ ಮೀನು ಹಿಡಿಯುವವರಿಂದ ಒಂದು ಮಾರು ಗಾಳದ ದಾರ ತಂದು ಹಾಕಿದೆವು. ಶೋಭ ಕೈಯಲ್ಲಿ ಹಿಡಿದು ಸುಮ್ಮನೆ ಮೀಟಿದಾಗ ನಾಲ್ಕು ತಂತಿಯೂ ಇಂಪಾಗಿ ನುಡಿದವು. ಜಯ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. "ಪುಳ್ಳೆ ಮಾತಾಡ್ತು ಕಣ್ರೀ!"

ಸಂತೋಷ ಆ ಒಂದು ಸಂಜೆಯದು. ಮಾರನೆಯ ದಿನದಿಂದ ಮೇಡಂ ಹೇಳಿದ ಅಭ್ಯಾಸ ಶುರುವಾಯಿತು. ಕೆಳಗಿನ ಮೆಟ್ಟುಗಳಲ್ಲಿ ಸ ರಿ ಗ ಸುಮಾರಾಗಿ ಬರುತ್ತಿತ್ತು. ಮೇಲೆ ಹೋದಂತೆಲ್ಲ ಸ್ವರ ಕುಗ್ಗುತ್ತ ಹೋಗುತ್ತಿತ್ತು. ಮೇಲಿನ ಸ ಅಂತೂ ಸ ಆಗುತ್ತಲೇ ಇರಲಿಲ್ಲ. ನನಗೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಪ್ರಾರ್ಥನೆ ಹೇಳಿಕೊಡುವ ಹುಡುಗಿಗೆ ಗೊತ್ತಾಗುತ್ತಿತ್ತು. ಬಾಯಲ್ಲಿ ಹಾಡಿ ನೋಡುವಳು, ಒತ್ತಿ ನೋಡುವಳು, ತುಟಿ ಕಚ್ಚಿಕೊಂಡು ಇನ್ನೂ ಗಟ್ಟಿಯಾಗಿ ಒತ್ತುವಳು. ಬೆರಳ ತುದಿಯಲ್ಲಿ ಗೆರೆ ಬಿದ್ದು ರಕ್ತ ಕಟ್ಟಿತು. ಐದನೆಯ ದಿನ ವಾದ್ಯವನ್ನೇ ಹಾಸಿಗೆಯ ಮೇಲೆ ಎಸೆದಳು.

"ಏನಾಯ್ತೇ?" ಎಂದಳು ಜಯ.

"ನನ್ ಬೆರಳೇ ಸೊಟ್ಟ. ಅದ್ಕೇ ಸ್ವರಾನೂ ಸೊಟ್ಟ. ಇನ್ನು ನಾನು ಮುಟ್ಟಲ್ಲ. ಕೊಯ್ಯೋದಾದ್ರೆ ಕೊಯ್ಯಲಿ ಬುಡು."

ಮತ್ತೆ ಕೈ ಲಂಗದೊಳಗೆ ಹೋಯಿತು. ನುಡಿಸುವುದಿಲ್ಲ, ಬೆರಳು ಬಿಡಿಸುವುದಿಲ್ಲ. ಮನೆಯ ನೋಟ್‌ಬುಕ್ಕಿನಲ್ಲಿ ನಿಮಿಷದ ಜಾಗದಲ್ಲಿ ದಿನಾ ಸೊನ್ನೆ ಬರೆದೆ. ದಸರೆಗೆ ಉಳಿದ ದಿನಗಳು ಮಾತ್ರ ಇಳಿಯುತ್ತಿದ್ದವು. ಅಷ್ಟರಲ್ಲಿ ಅಣೆಕಟ್ಟೆ ತುಂಬಿ ನಾಲೆಗೂ ನೀರು ಏರಿತ್ತು. ಹಗಲೆಲ್ಲ ಗೇಜಿನ ಹತ್ತಿರವೇ ಇರಬೇಕಿತ್ತು. ಕೆಂಪು ನೀರು ಗೆರೆ ಗೆರೆಯಾಗಿ ಮೇಲೇರುವುದನ್ನು ನೋಡುತ್ತ ನಿಂತಿದ್ದಾಗ ತಟ್ಟನೆ ನನಗೆ ಆ ಎರಡು ಗೆರೆ ಎಳೆದ ಸಾಲು ನೆನಪಾಯಿತು.

ಮನೆಗೆ ಬಂದು ಸ್ಕೇಲು ಇಟ್ಟು ಅಳೆದೆ. ತಲೆಯಿಂದ ಹನ್ನೆರಡನೇ ಮೆಟ್ಟಿಗೆ ಏಳೂವರೆ ಇಂಚು. ಅಲ್ಲಿಂದ ಕುದುರೆಗೆ ಏಳೂವರೆ ಇಂಚು, ಮತ್ತೆ ಒಂದು ಬೆರಳು. ತಂತಿ ಉದ್ದವಾಗಿತ್ತು, ಮೆಟ್ಟುಗಳು ಇದ್ದಲ್ಲೇ ಇದ್ದವು. ಮೇಲಿನ ಸ ಎಲ್ಲಿಂದ ಬರಬೇಕು? ಮಗು ಐದು ದಿನ ಬೆರಳಲ್ಲಿ ರಕ್ತ ಕಟ್ಟುವಂತೆ ಒತ್ತಿದ್ದು ನಾನು ಕೆಡಿಸಿಟ್ಟ ಜಾಗದಲ್ಲಿ.

ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಎರಡು ದಿನ ಬಾಯಿ ಕಟ್ಟಿಕೊಂಡು ತಿರುಗಿದೆ. ಗುಟ್ಟಾಗಿ ಸಾಬ್ರ ಹತ್ತಿರ ಒಯ್ದು ಸರಿಮಾಡಿಸಿ ತಂದುಬಿಡಲೇ ಎಂದುಕೊಂಡೆ. ಹಾಗೆ ಮಾಡಿದರೆ ಅವಳು ತನ್ನ ಬೆರಳೇ ಸರಿಯಾಯಿತು ಎಂದುಕೊಳ್ಳಬಹುದು. ಅದು ಒಳ್ಳೆಯದೇ ಅಲ್ಲವೇ ಎಂದು ಜಯಳನ್ನು ಕೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ನೀವು ಅವ್ಳನ್ನ ಸಮಾಧಾನ ಮಾಡ್ತಿದೀರೋ, ನಿಮ್ಮನ್ನೋ?" ಎಂದಳು.

ಮಾರನೆಯ ಬೆಳಿಗ್ಗೆ ಆರಕ್ಕೆ ಶೋಭಳನ್ನು ನಾಲೆಗೆ ಕರೆದುಕೊಂಡು ಹೋದೆ. ನೀರಿನ ಮಟ್ಟ ಬರೆದುಕೊಂಡು, ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ.

"ಶೋಭಾ, ನಿನ್ ಬೆರಳ್ದೇನೂ ತಪ್ಪಿಲ್ಲ ಕಣವ್ವ. ಕುದುರೆ ತಪ್ಪು ಜಾಗ್ದಲ್ಲೈತೆ. ಕಾಗದ್ದಲ್ಲಿ ಸರ್ಯಾಗೇ ಬರ್ದಿತ್ತು. ಆಯ ನೋಡಿ ನಾನೇ ಹಿಂದಕ್ಕೆ ಮಡಗಿಸ್ದೆ."

ಅವಳು ನೀರಿನ ಕಡೆ ತಿರುಗಿದಳು. ಒಂದು ಬಾಳೆದಿಂಡು ಸುತ್ತಿ ಸುತ್ತಿ ಬಂದು ಸೇತುವೆಯ ಕೆಳಗೆ ಹೋಯಿತು.

"ಗೊತ್ತಿದ್ದೂ ಮಡಗಿಸ್ದಾ?"

"ಹೂಂ."

"ಕಟ್ಟು ಬಿಗಿ ಅಂತ ನಾನು ಹೇಳ್ದಾಗ್ಲೂ ಅಷ್ಟೇಯ. ಕಟ್ಟೋ ತಾತ ಹೇಳಿದ್ ಕೇಳ್ದೆ. ನಾನು ಹೇಳಿದ್ ಕೇಳ್ನಿಲ್ಲ."

ಆ ಮಾತು ಅವಳೊಳಗೆ ಮೂರು ತಿಂಗಳಿಂದ ಇತ್ತು. ನನಗೂ ಗೊತ್ತಿತ್ತು. ಹೌದೆಂದು ತಲೆ ಆಡಿಸಿದೆ. ಅವಳು ಎದ್ದು ಲಂಗ ಕೊಡವಿಕೊಂಡು, "ಭಾನ್ವಾರ ಸಾಬ್ರತ್ರ ಓಗವಾ" ಎಂದಳು.

ಸಾಬ್ರು ಕೇಳಿ ಕನ್ನಡಕ ತೆಗೆದರು. "ನಲವತ್ತು ವರ್ಷದಿಂದ ಆಯ ನೋಡ್ತಾ ಇದೀನಿ ಗೌಡ್ರೆ, ಒಂದು ಬಾಗ್ಲೂ ತಕರಾರು ಮಾಡ್ನಿಲ್ಲ. ಬಾಗ್ಲು ಹಾಡಲ್ವಲ್ಲ, ಅದ್ಕೆ!" ಎಂದರು. ಆಮೇಲೆ ದನಿ ತಗ್ಗಿಸಿ, "ಕೀಳೋದು ಕಷ್ಟ ಐತೆ. ಕೆಳಗಿನ ಹಲಗೆ ಹಪ್ಪಳದಂಗೈತೆ. ಸೀಳಿದ್ರೆ ಪೂರ್ತಿ ಹೋಯ್ತು" ಎಂದರು.

ಇನ್ನೊಂದು ಪೆಟ್ಟಿಗೆ ನಮಗೆಲ್ಲಿ ಸಿಗಬೇಕು? ಎಲ್ಸಾ ಮೇಡಂ ಆಗಲೇ ತಮ್ಮ ಊರಿಗೆ ಹೊರಟುಹೋಗಿದ್ದರು. ಹೊರಗೆ ಸೋನೆ ಮಳೆ ಹಿಡಿದಿತ್ತು. ಸಾಬ್ರು ಕುದುರೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದರು. ಚುಂಯ್ ಎಂದು ಹಬೆ ಎದ್ದು, ಬಿಸಿ ಒದ್ದೆ ಮರದ ವಾಸನೆ ಅಂಗಡಿ ತುಂಬಿತು. ಅಂಟು ಮೆತ್ತಗಾದಂತೆ ತೆಳುವಾದ ಚೂರಿ ಅಂಚಿನಲ್ಲಿ ನುಗ್ಗಿತು, ಅಕ್ಕಿಕಾಳಿನಷ್ಟು. ಮತ್ತೆ ಬಟ್ಟೆ, ಮತ್ತೆ ಹಬೆ, ಮತ್ತೆ ಅಕ್ಕಿಕಾಳಿನಷ್ಟು. ಶೋಭ ಹೊಟ್ಟೆಯ ಮೇಲೆ ಎಡಗೈ ಇಟ್ಟುಕೊಂಡು ಕೂತಿದ್ದಳು.

"ತಡೀರಿ!" ಎಂದಳು ಇದ್ದಕ್ಕಿದ್ದಂತೆ.

ಸಾಬ್ರು, "ಏನೂ ಆಗಿಲ್ಲ ಬೇಟಿ, ಚೂರಿ ಸಲೀಸಾಗ್ ಹೋಗ್ತಾ ಐತೆ" ಎಂದರು.

"ಒಳಗೆ ಚಟ್ ಅಂತು. ಬೆರಳಿಗೆ ಗೊತ್ತಾಯ್ತು."

"ನಿಲ್ಸಿ ಸಾಬ್ರೆ" ಎಂದೆ ನಾನು. ನನ್ನ ದನಿ ಅಷ್ಟು ಜೋರಾಗಿ ಬಂದೀತೆಂದು ನನಗೇ ತಿಳಿದಿರಲಿಲ್ಲ.

ಸಾಬ್ರು ಚೂರಿ ಹೊರಕ್ಕೆಳೆದು, ಬೆಳಕಿಗೆ ಹಿಡಿದು ನೋಡಿದರು. ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು ಹೊರಟಿತ್ತು. ಇನ್ನೊಂದು ತಳ್ಳು ತಳ್ಳಿದ್ದರೆ ಎರಡು ಹೋಳು. ಅವರು ಚೂರಿಯನ್ನು ಆಚೆ ಕಡೆಯಿಂದ ಹಾಕಿದರು. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದು ಮತ್ತೆ ಕೂತರು. ಕುದುರೆ ಕೊನೆಗೆ ಬಿಟ್ಟುಕೊಂಡಿತು. ಜೊತೆಗೆ ಹುಣಸೆಬೀಜದಷ್ಟು ಹಲಗೆಯ ಚಕ್ಕೆಯೂ ಎದ್ದುಬಂತು.

ಸರಿಯಾದ ಜಾಗವನ್ನು ಈ ಸಲ ನಾನೇ ಅಳೆದೆ. ಮೂರು ಸಲ ಅಳೆದೆ. "ಕಾಕಾಯ ಆದ್ರೆ ಆಗ್ಲಿ" ಎಂದಳು ಶೋಭ. ಆಮೇಲೆ ಚಕ್ಕೆ ಎದ್ದ ಗಾಯದ ಮೇಲೆ ಬೆರಳಿಟ್ಟು, "ಇಲ್ಲಿ ಒಂದು ಕಾಗೇನೇ ಕೂರ್ಸ್ಬುಡಿ ಸಾಬ್ರೆ. ಅದೂ ಸಂಗೀತ ಕಲೀಲಿ" ಎಂದಳು. ಸಾಬ್ರು ನಗುತ್ತಾ ಬೀಟೆಮರದ ಚೂರಿನಲ್ಲಿ ಒಂದು ಪುಟ್ಟ ಕಾಗೆ ಕೊರೆದು ಆ ಹಳ್ಳಕ್ಕೆ ಕೂರಿಸಿದರು.

ಮೇಲಿನ ಸ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಗೇಜಿನ ಹತ್ತಿರ ಛತ್ರಿ ಹಿಡಿದು ನಿಂತಿದ್ದೆ. ಜಯ ಏರಿಯ ಮೇಲಿಂದ ಕೂಗಿದಳು, "ಬಂತಂತೆ!" ಕೆಳಗೆಲ್ಲೋ ನೀರು ದಂಡೆ ಹತ್ತಿತೋ ಎಂದು ಹೆದರಿ ಓಡಿದೆ.

ಆಮೇಲಿನ ವಾರಗಳು ಎಣಿಕೆಯಲ್ಲೇ ಕಳೆದವು. ಇಪ್ಪತ್ತು ನಿಮಿಷ, ನಲವತ್ತು, ಒಂದು ಗಂಟೆ. ತೋರುಬೆರಳು ಮೊದಲು ಬಿಚ್ಚಿಕೊಂಡಿತು. ನಡುಬೆರಳು ಒಂದು ವಾರ ಬಿಚ್ಚಿ ಮುಂದಿನ ವಾರ ಮತ್ತೆ ಬಿಗಿಯಿತು. ಆ ವಾರ ನಾನು ಊಟ ಬಿಟ್ಟೆ. ನಾನು ಬಾಗಿಲ ಮರೆಯಿಂದ ಇಣುಕುವುದು ಶೋಭಳಿಗೆ ಗೊತ್ತಾಗುತ್ತಿತ್ತು. "ಅಪ್ಪಾ, ನೀರೇನೂ ಏರ್ನಿಲ್ಲ, ಓಗು" ಎನ್ನುತ್ತಿದ್ದಳು. 

ದಸರಾ ಕಳೆದ ಮೇಲೆ ಮೈಸೂರಿಗೆ ಹೋದೆವು. ಜಯ ಮನೆಯಲ್ಲೇ ಉಳಿದಳು, ಕಾಲು ಬರಲಿಲ್ಲ ಎಂದಳು. ಡಾಕ್ಟರು ಮೇಜಿನ ಮೇಲೆ ಶೋಭಳ ಕೈ ಇರಿಸಿ, ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕದಂಥದ್ದನ್ನಿಟ್ಟು ಒಂದೊಂದೇ ಬೆರಳು ಅಳೆದರು. ತೋರುಬೆರಳು ಪೂರ್ತಿ. ನಡುಬೆರಳು ಹೆಚ್ಚುಕಡಿಮೆ ಪೂರ್ತಿ. ಉಂಗುರಬೆರಳು ಮುಕ್ಕಾಲು. ಕಿರುಬೆರಳು ಮಾತ್ರ ಕೊಕ್ಕೆಯಂತೆ ಹಾಗೆಯೇ ಇತ್ತು.

"ನಾನು ಇಷ್ಟು ನಿರೀಕ್ಷೆ ಮಾಡಿರ್ಲಿಲ್ಲ" ಎಂದರು ಡಾಕ್ಟರು. "ದೊಡ್ಡ ಆಪರೇಷನ್ ಬೇಕಾಗಿಲ್ಲ. ಕಿರುಬೆರಳೊಂದಕ್ಕೆ ಬೇಕಾದ್ರೆ ಮಾಡ್ಬಹುದು. ನೆಟ್ಟಗಾದ್ರೂ ಆಗ್ಬಹುದು, ಬಿರುಸಾಗಿ ಕೋಲಿನ ಹಾಗೆ ನಿಂತ್ರೂ ನಿಲ್ಬಹುದು. ನೀವೇನ್ ಹೇಳ್ತೀರಿ?" ಎಂದು ನನ್ನನ್ನು ಕೇಳಿದರು.

ಬಾಯಿ ತುದಿಗೆ ಬಂದದ್ದು "ನೀವು ಹೇಳ್ದಂಗೆ ಸಾರ್" ಎಂಬ ಮಾತು. ನನ್ನ ಜೀವಮಾನವೆಲ್ಲ ತಿಳಿದವರ ಮುಂದೆ ನಾನು ಅದನ್ನೇ ಹೇಳಿದವನು. ಅದನ್ನು ನುಂಗಿಕೊಂಡು ಶೋಭಳ ಕಡೆ ತಿರುಗಿದೆ. "ನಿನ್ ಕೈ ಕಣವ್ವ. ನೀನೇ ಹೇಳು."

ಡಾಕ್ಟರಿಗೆ ಆಶ್ಚರ್ಯವಾಯಿತು. ಹತ್ತು ವರ್ಷದ ಹುಡುಗಿ ತನ್ನ ಕಿರುಬೆರಳನ್ನು ಬಲಗೈಯಿಂದ ಎರಡು ಸಲ ಎಳೆದು ನೋಡಿಕೊಂಡಳು.

"ನಾಕು ತಂತಿಗೆ ಮೂರು ಬೆರಳು ಸಾಕು ಸಾರ್. ಇದು ಇಂಗೇ ಇರ್ಲಿ" ಎಂದಳು.

ಸರಿಯಾಯಿತೋ ತಪ್ಪಾಯಿತೋ, ಆ ತೀರ್ಮಾನದ ಬಗ್ಗೆ ನಾನು ಇಂದಿಗೂ ಒಂದೊಂದು ದಿನ ಯೋಚಿಸುತ್ತೇನೆ. ಆ ಬೆರಳು ಇಂದಿಗೂ ಕೊಕ್ಕೆಯೇ.

ಪಾಂಡವಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಶೋಭ, ನಡುವೆ ನಾನು, ಆಚೆ ತುದಿಗೆ ಹೂವಿನ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕಿ. ಪಶ್ಚಿಮವಾಹಿನಿ ದಾಟುವಾಗ ಶೋಭ ನನ್ನ ಭುಜಕ್ಕೆ ಒರಗಿದಳು. ಎಡಗೈ ಲಂಗದ ಮಡಿಕೆಯಿಂದ ಜಾರಿ ಬಂದು ನನ್ನ ತೊಡೆಯ ಮೇಲೆ ಅಂಗಾತ ಬಿತ್ತು. ಮುದುಕಿ ಬಗ್ಗಿ ಅದನ್ನು ನೋಡಿದಳು.

"ಅಯ್ಯೋ ನಮ್ಮಪ್ಪ, ಏನಾಯ್ತು ಮಗೀಗೆ?"

"ಕೈ ಮುರ್ದಿತ್ತು ಕಣಮ್ಮ" ಎಂದೆ. "ಕಟ್ಟು ಬಿಗಿಯಾಗಿತ್ತು. ನೋಯ್ತದೆ ಅಂತ ಮೂರು ದಿನ ಹೇಳಿದ್ಲು. ನಾನು ಕೇಳ್ನಿಲ್ಲ."

ಮುದುಕಿ ಹೂವಿನ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಶೋಭಳ ಕಣ್ಣು ಮುಚ್ಚಿತ್ತು. ನಿಜವಾಗಿ ನಿದ್ದೆ ಬಂದಿತ್ತೋ ಇಲ್ಲವೋ ನನಗೆ ತಿಳಿಯದು. ಇಳಿಯುವ ಸ್ಟಾಪು ಬರುವವರೆಗೂ ಅವಳು ಆ ಕೈಯನ್ನು ಮಾತ್ರ ತೆಗೆಯಲಿಲ್ಲ.